‘ಡಾಟೊ’: ಒಂದು ಅಲ್ಪಾಯುಷಿ ರಸಪ್ರಶ್ನೆ ಕಾರ್ಯಕ್ರಮ ಮತ್ತು ಅದರ ಸಾಕ್ಷ್ಯವಿಚಾರ

ಅಮೆರಿಕದ ದೂರದರ್ಶನದ ಇತಿಹಾಸದಲ್ಲಿ 1958 ಮತ್ತು 1959ನೆಯ ವರ್ಷಗಳು ರಸಪ್ರಶ್ನೆ ಕಾರ್ಯಕ್ರಮಗಳ ಹಗರಣದ ವರ್ಷಗಳೆಂದು ಪ್ರಸಿದ್ಧವಾಗಿವೆ. ಈ ಪ್ರಕರಣದ ಮಾತು ಬಂದಾಗಲೆಲ್ಲ ‘ಟ್ವೆಂಟಿ ಒನ್’ ಎಂಬ ಕಾರ್ಯಕ್ರಮವೂ, ಅದರಲ್ಲಿ 1,29,000 ಡಾಲರುಗಳನ್ನು ಗೆದ್ದು ಮನೆಮಾತಾಗಿ ಅನಂತರ ತಲೆತಗ್ಗಿಸಬೇಕಾಗಿ ಬಂದ ಕೊಲಂಬಿಯ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್ನರ ಹೆಸರೂ ಮುಂದೆ ಬಂದು ನಿಲ್ಲುತ್ತವೆ. 1994ರಲ್ಲಿ ರಾಬರ್ಟ್ ರೆಡ್‌ಫರ್ಡ್ ನಿರ್ದೇಶಿಸಿದ ‘ಕ್ವಿಜ್ ಷೋ’ ಚಲನಚಿತ್ರವು ಈ ರೂಢಿಯನ್ನು ಮತ್ತಷ್ಟು ಗಟ್ಟಿಗೊಳಿಸಿತು. ಆದರೆ ಹಗರಣವು ಮೊದಲು ಬಯಲಿಗೆ ಬಂದದ್ದು ಅಲ್ಲಿಂದಲ್ಲ. 1958ನೆಯ ಜನವರಿ 6ರಂದು ಹುಟ್ಟಿ ಅದೇ ವರ್ಷದ ಆಗಸ್ಟ್ 15ರಂದು ಕೊನೆಗೊಂಡ ‘ಡಾಟೊ’ ಎಂಬ ಹಗಲು ಹೊತ್ತಿನ ಕಾರ್ಯಕ್ರಮವೊಂದರ ಕೋಣೆಯಲ್ಲಿ ಸಿಕ್ಕಿದ ಒಂದು ಟಿಪ್ಪಣಿ ಪುಸ್ತಕದಿಂದ ಅದು ಹೊರಬಿತ್ತು. ಈ ಕಾರ್ಯಕ್ರಮಕ್ಕೆ ಇತಿಹಾಸಕಾರರು ಸಾಮಾನ್ಯವಾಗಿ ಒಂದೆರಡು ಪುಟಗಳಿಗಿಂತ ಹೆಚ್ಚಿನ ಸ್ಥಳವನ್ನು ಕೊಡುವುದಿಲ್ಲ. ದೊಡ್ಡ ನಾಟಕಕ್ಕೆ ಇದೊಂದು ನಾಂದಿ ಎಂಬಂತೆ ನೋಡಿ ಮುಂದೆ ಸಾಗುತ್ತಾರೆ. ಈ ಉಪೇಕ್ಷೆ ಸರಿಯಲ್ಲವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಟ್ವೆಂಟಿ ಒನ್’ ನಮಗೆ ಒಬ್ಬ ವಿದ್ವಾಂಸನ ಪತನದ ಕಥೆಯನ್ನು ಹೇಳುತ್ತದೆ. ವಂಚನೆಯೆಂಬುದು ದಿನನಿತ್ಯದ ಕೆಲಸದ ಕ್ರಮವಾಗಿ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಬೇಕಾದರೆ ಮಾತ್ರ ‘ಡಾಟೊ’ವನ್ನೇ ನೋಡಬೇಕು.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವೆನು. ಬಹುಮಾನಗಳನ್ನು ಹಂಚುವ ಪ್ರಸಾರ ಕಾರ್ಯಕ್ರಮಗಳು ಲಾಟರಿಯ ವರ್ಗಕ್ಕೆ ಸೇರುತ್ತವೆಯೇ ಎಂಬ ವಿವಾದವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1954ರಲ್ಲಿ ಅವು ಲಾಟರಿಯಲ್ಲವೆಂದು ತೀರ್ಮಾನವಾಯಿತು. ಮರುವರ್ಷ, 1955ನೆಯ ಜೂನ್ 7ರಂದು, ಸಿಬಿಎಸ್ ಜಾಲದಲ್ಲಿ 64,000 ಡಾಲರುಗಳ ಪ್ರಶ್ನೆಯೆಂಬ ಕಾರ್ಯಕ್ರಮ ಪ್ರಾರಂಭವಾಯಿತು. ಪ್ರಾಯೋಜಕರಾದ ರೆವ್ಲಾನ್ ಸಂಸ್ಥೆಯ ಪ್ರಸಾಧನ ಸಾಮಗ್ರಿಗಳ ವ್ಯಾಪಾರ ಇದರಿಂದ ಏರಿದ್ದನ್ನು ಕಂಡು ಇತರ ಕಂಪನಿಗಳೂ ಇದೇ ಹಾದಿಯನ್ನು ಹಿಡಿದವು. ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಅಂದಿನ ಪದ್ಧತಿಯಲ್ಲಿ ಕಾರ್ಯಕ್ರಮವು ಪ್ರಸಾರ ಸಂಸ್ಥೆಯ ಸ್ವತ್ತಾಗಿರುವುದೇ ವಿರಳವಾಗಿತ್ತು. ಅದನ್ನು ತಯಾರಿಸುವವರು ಸ್ವತಂತ್ರ ನಿರ್ಮಾಪಕರು. ಅದಕ್ಕೆ ಹಣ ಕೊಟ್ಟು ಅದರ ಮೇಲೆ ಹಕ್ಕು ಚಲಾಯಿಸುವವರು ಸಾಬೂನಿನ ಅಥವಾ ಔಷಧದ ಕಂಪನಿಯವರು ಮತ್ತು ಅವರ ಜಾಹೀರಾತು ಏಜೆಂಟರು. ಪ್ರಸಾರ ಸಂಸ್ಥೆಯು ಹೊತ್ತನ್ನು ಮಾರುವ ಅಂಗಡಿಯಂತಿತ್ತು. ಹೀಗಿರುವಲ್ಲಿ ಕಾರ್ಯಕ್ರಮದ ಸತ್ಯಾಸತ್ಯತೆಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೇ ಇರಲಿಲ್ಲ.

‘ಡಾಟೊ’ ಕಾಲ್ಗೇಟ್-ಪಾಮಾಲಿವ್ ಕಂಪನಿಯ ಪ್ರಾಯೋಜಕತ್ವದಲ್ಲಿ ಸಿಬಿಎಸ್ ಜಾಲದ ಹಗಲಿನ ಕಾರ್ಯಕ್ರಮವಾಗಿ ಬಂದಿತು. ಅದಕ್ಕೂ ಮೊದಲು ಆ ಸ್ಥಳದಲ್ಲಿದ್ದುದು, ಕಷ್ಟಕ್ಕೆ ಸಿಲುಕಿದವರು ತಮ್ಮ ದುಃಖವನ್ನು ಜನರ ಮುಂದೆ ತೋಡಿಕೊಂಡು ಹಣ ಪಡೆಯುತ್ತಿದ್ದ ‘ಸ್ಟ್ರೈಕ್ ಇಟ್ ರಿಚ್’ ಎಂಬ ಕಾರ್ಯಕ್ರಮ. ಅದರ ಹೋಲಿಕೆಯಲ್ಲಿ ‘ಡಾಟೊ’ ಎಷ್ಟೋ ಸಭ್ಯವಾದ ವಿನೋದ. ಜ್ಯಾಕ್ ನಾರ್ಜ್ ಅದರ ನಿರೂಪಕರು. ಆಟದ ಕ್ರಮ ಹೀಗಿತ್ತು: ಇಬ್ಬರು ಸ್ಪರ್ಧಿಗಳ ಮುಂದೆ 50 ಚುಕ್ಕೆಗಳುಳ್ಳ ಒಂದು ಫಲಕ. ಆ ಚುಕ್ಕೆಗಳನ್ನು ಸೇರಿಸುತ್ತ ಹೋದರೆ ಒಬ್ಬ ಪ್ರಸಿದ್ಧ ವ್ಯಕ್ತಿಯ ವ್ಯಂಗ್ಯಚಿತ್ರ ಮೂಡಬೇಕು. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿಡುವ ಚುಕ್ಕಿ ರಂಗೋಲಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಶ್ನೆಗಳು 5, 8 ಅಥವಾ 10 ಚುಕ್ಕೆಗಳ ಬೆಲೆಯವು; ಸರಿಯಾದ ಉತ್ತರಕ್ಕೆ ಅಷ್ಟು ಚುಕ್ಕೆಗಳು ಕೂಡುತ್ತಿದ್ದವು. ಚಿತ್ರವನ್ನು ಮೊದಲು ಗುರುತಿಸಿದವರಿಗೆ, ಇನ್ನೂ ಕೂಡದೆ ಉಳಿದ ಚುಕ್ಕೆಗಳ ಲೆಕ್ಕದ ಮೇಲೆ ಬಹುಮಾನ. ಈ ಸರಳವಾದ ಆಟ ಬಹುಬೇಗ ಜನರನ್ನು ಸೆಳೆಯಿತು. 1958ರಲ್ಲಿ ಹಗಲಿನ ಕಾರ್ಯಕ್ರಮಗಳಲ್ಲೆಲ್ಲ ಅತಿ ಹೆಚ್ಚು ವೀಕ್ಷಕರನ್ನು ಪಡೆದದ್ದು ಇದೇ. ಜುಲೈ 1ರಿಂದ ಪ್ರತಿ ಮಂಗಳವಾರ ರಾತ್ರಿ ಇದರ ಇನ್ನೊಂದು ಆವೃತ್ತಿ ಎನ್‌ಬಿಸಿ ಜಾಲದಲ್ಲಿಯೂ ಬರತೊಡಗಿತು. ಪರಸ್ಪರ ಸ್ಪರ್ಧಿಗಳಾದ ಎರಡು ಜಾಲಗಳಲ್ಲಿ ಒಂದೇ ಆಟ ನಡೆಯಿತೆಂಬುದು ಕಾರ್ಯಕ್ರಮದ ಯಜಮಾನಿಕೆ ಯಾರ ಕೈಯಲ್ಲಿತ್ತೆಂಬುದಕ್ಕೆ ಸಾಕಷ್ಟು ನಿದರ್ಶನ.

ಇದರ ರೂಪವನ್ನು ಕುರಿತು ಸ್ವಲ್ಪ ವಿಚಾರ ಮಾಡಬೇಕು. ಏಕೆಂದರೆ ವಂಚನೆಯ ಬೀಜ ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಮನೆಯಲ್ಲಿ ಕುಳಿತ ಪ್ರೇಕ್ಷಕರಿಗೆ ಪ್ರಶ್ನೋತ್ತರಗಳು ಗೌಣ. ಮೂಡುತ್ತಿರುವ ಮುಖವೇ ಮುಖ್ಯ. ಇದು ಯಾರಿರಬಹುದು ಎಂಬ ಕುತೂಹಲವು ಗೆರೆಯಿಂದ ಗೆರೆಗೆ ಬೆಳೆಯಬೇಕು. ಸ್ಪರ್ಧಿಯು ಉತ್ತರ ಹೇಳಿದರೆ ಗೆರೆ ಬೀಳುತ್ತದೆ. ಹೇಳದಿದ್ದರೆ ಫಲಕ ಬರಿದಾಗಿಯೇ ಉಳಿಯುತ್ತದೆ. ಇಬ್ಬರೂ ತಿಳಿಯದವರಾದರೆ ಅರ್ಧ ಗಂಟೆಯ ಹೊತ್ತು ದೇಶವೆಲ್ಲ ಒಂದು ಚುಕ್ಕೆಗಳ ಹಲಗೆಯನ್ನು ನೋಡುತ್ತ ಕೂರಬೇಕಾಗುತ್ತದೆ. ಒಬ್ಬನೇ ಬಲ್ಲವನಾಗಿ ಬಹುಬೇಗ ಗುರುತಿಸಿಬಿಟ್ಟರೂ ನಷ್ಟವೇ. ಕುತೂಹಲ ಬೆಳೆಯುವ ಮೊದಲೇ ಮುಗಿಯಿತು. ಆದಕಾರಣ ಕಾರ್ಯಕ್ರಮಕ್ಕೆ ಬೇಕಾಗಿದ್ದುದು ಜ್ಞಾನವೂ ಅಲ್ಲ, ಅಜ್ಞಾನವೂ ಅಲ್ಲ. ಒಂದು ನಿಗದಿಯಾದ ವೇಗ. ಯಾದೃಚ್ಛಿಕವಾಗಿ ಆರಿಸಿದ ಪ್ರಶ್ನೆಗಳನ್ನು ಜನರ ಮುಂದಿಟ್ಟರೆ ಸೋಲಿನ ಮೇಲೆ ಸೋಲು ಕಾಣುವುದಲ್ಲದೆ ಮನರಂಜನೆ ಹುಟ್ಟುವುದಿಲ್ಲವೆಂಬ ಅರ್ಥದ ಮಾತನ್ನು ಇದರ ನಿರ್ಮಾಪಕರಾದ ಎಡ್ವರ್ಡ್ ಜ್ಯೂರಿಸ್ಟ್ ಮುಂದೆ ಆಡಿದ್ದಾರೆ. ಇದನ್ನು ತಪ್ಪಿತಸ್ಥರ ಸಮರ್ಥನೆಯೆಂದು ತಳ್ಳಿಹಾಕುವವರುಂಟು. ನಾನು ಇದನ್ನು ಅತ್ಯಂತ ಪ್ರಾಮಾಣಿಕವಾದ ಹೇಳಿಕೆಯೆಂದು ಓದುತ್ತೇನೆ. ಒಂದು ವೃತ್ತಿಯ ಒಳಗಿನವರು ತಮ್ಮ ಕೆಲಸದ ಅಗತ್ಯವೇನೆಂಬುದನ್ನು ಇಷ್ಟು ನೇರವಾಗಿ ಹೇಳುವುದು ಅಪರೂಪ. ‘ಟ್ವೆಂಟಿ ಒನ್’ ಸಹ 1956ನೆಯ ಸೆಪ್ಟೆಂಬರಿನಲ್ಲಿ ತನ್ನ ಮೊದಲ ಸಂಚಿಕೆಯನ್ನು ಪ್ರಾಮಾಣಿಕವಾಗಿಯೇ ನಡೆಸಿ, ಸ್ಪರ್ಧಿಗಳು ಒಂದರ ಮೇಲೊಂದು ಪ್ರಶ್ನೆಗೆ ಉತ್ತರ ತಪ್ಪಿದ್ದರಿಂದ ಪ್ರಾಯೋಜಕರ ಕೋಪಕ್ಕೆ ಗುರಿಯಾಯಿತೆಂಬುದನ್ನು ಇಲ್ಲಿ ಸ್ಮರಿಸಬೇಕು.

(ಚುಕ್ಕೆಗಳನ್ನು ಸೇರಿಸಿ ಮೊದಲೇ ನಿಶ್ಚಿತವಾದ ಮುಖವೊಂದನ್ನು ಬರೆಯುವ ಈ ಆಟವನ್ನು ನೋಡುವಾಗ, ಪಠ್ಯಕ್ರಮದಲ್ಲಿ ಮೊದಲೇ ಬರೆದಿಟ್ಟ ಚಿತ್ರಕ್ಕೆ ಇಸವಿಗಳನ್ನು ಸೇರಿಸುತ್ತ ಹೋಗುವ ನಮ್ಮ ಇತಿಹಾಸ ಬೋಧನೆಯ ಕೆಲವು ತರಗತಿಗಳು ಯಾರಿಗಾದರೂ ನೆನಪಾದರೆ ಆಶ್ಚರ್ಯವಿಲ್ಲ. ಆ ವಿಷಯ ಬೇರೆ.)

ಇನ್ನು ಘಟನೆಯ ವಿಚಾರ. 1958ನೆಯ ಮೇ 20ರಂದು ಎಡ್ವರ್ಡ್ ಹಿಲ್ಗೆಮೈಯರ್ ಎಂಬ, ನಟನಾಗುವ ಹಂಬಲವಿದ್ದ ಯುವಕನು ಮುಂದಿನ ಸರದಿಯ ಸ್ಪರ್ಧಿಯಾಗಿ ಕಾಯುತ್ತ ಕುಳಿತಿದ್ದನು. ಅಂದು ಗೆಲ್ಲುತ್ತಿದ್ದವರು ಮೇರಿ ವಿನ್ ಎಂಬ ಯುವತಿ. ಅವರ ಎದುರಾಳಿ ಯೆಫೆ ಕಿಂಬಾಲ್ ಸ್ಲಾಟಿನ್ ಎಂಬ ಚಿತ್ರಕಲಾವಿದೆ. ವಿನ್ ಅವರ ಟಿಪ್ಪಣಿ ಪುಸ್ತಕವು ಹಿಲ್ಗೆಮೈಯರನ ಕಣ್ಣಿಗೆ ಬಿತ್ತು. ಅದನ್ನು ತೆರೆದು ನೋಡಿದಾಗ, ಅವರು ವೇದಿಕೆಯ ಮೇಲೆ ಹೇಳಿದ ಉತ್ತರಗಳು ಅದರಲ್ಲಿ ಮೊದಲೇ ಬರೆದಿದ್ದವು. ಆ ಹಾಳೆಯನ್ನು ಹರಿದುಕೊಂಡು ಅವನು ಸೋತ ಸ್ಲಾಟಿನ್ನರಿಗೆ ತೋರಿಸಿದನು. ಇಬ್ಬರೂ ನಿರ್ಮಾಪಕರನ್ನು ಕಂಡರು. ಮಾತುಕತೆಯ ಕೊನೆಯಲ್ಲಿ ಸ್ಲಾಟಿನ್ನರಿಗೆ 4,000 ಡಾಲರುಗಳೂ ಹಿಲ್ಗೆಮೈಯರನಿಗೆ 1,500 ಡಾಲರುಗಳೂ ದೊರೆತವು. ತನಗಿಂತ ಅವರಿಗೆ ಹೆಚ್ಚು ಸಿಕ್ಕಿತೆಂದು ತಿಳಿದ ಮೇಲೆ ಹಿಲ್ಗೆಮೈಯರ್ ಸುಮ್ಮನಿರಲಿಲ್ಲ. ಜುಲೈ ಕೊನೆಯ ಹೊತ್ತಿಗೆ ಸಂಪರ್ಕ ವ್ಯವಹಾರಗಳ ಒಕ್ಕೂಟ ಆಯೋಗಕ್ಕೆ ಪ್ರಮಾಣಪತ್ರವನ್ನು ಬರೆದುಕೊಟ್ಟನು. ಆಗಸ್ಟಿನ ಮೊದಲ ಭಾಗದಲ್ಲಿ ವಿಷಯವು ಕಾಲ್ಗೇಟ್ ಕಂಪನಿಯ ಕಿವಿಗೆ ಬಿತ್ತು. ಕಂಪನಿಯ ಅಧಿಕಾರಿಗಳು ಮೇ 20ರ ಸಂಚಿಕೆಯ ಕಿನೆಸ್ಕೋಪನ್ನು, ಎಂದರೆ ದೂರದರ್ಶನದ ಪರದೆಯನ್ನೇ ಚಲನಚಿತ್ರದ ಕ್ಯಾಮರಾದಿಂದ ಸೆರೆಹಿಡಿದ ಪ್ರತಿಯನ್ನು, ತರಿಸಿ ನೋಡಿದರು. ಆಗಸ್ಟ್ 16ರಂದು, ಕಾರಣವನ್ನು ಬಹಿರಂಗವಾಗಿ ವಿವರಿಸದೆಯೇ, ಎರಡೂ ಆವೃತ್ತಿಗಳು ನಿಂತುಹೋದುವೆಂಬ ಪ್ರಕಟಣೆ ಹೊರಬಿತ್ತು.

ಇತಿಹಾಸದ ವಿದ್ಯಾರ್ಥಿಗೆ ಈ ಪ್ರಕರಣದಲ್ಲಿ ಇರುವ ಸಾಕ್ಷ್ಯಗಳ ಪರಸ್ಪರ ಸಂಬಂಧವೇ ಅತ್ಯಂತ ಬೋಧಪ್ರದವಾದುದು. ಇಲ್ಲಿ ಮೂರು ಬಗೆಯ ಆಧಾರಗಳಿವೆ: ಒಂದು ಹಾಳೆ, ಒಂದು ಚಲನಚಿತ್ರದ ಸುರುಳಿ, ಒಬ್ಬ ಮನುಷ್ಯನ ಹೇಳಿಕೆ. ಬೇರೆ ಬೇರೆಯಾಗಿ ನೋಡಿದರೆ ಮೂರೂ ದುರ್ಬಲ. ಹಾಳೆಯನ್ನು ಯಾರು ಯಾವಾಗ ಬರೆದರೆಂಬುದನ್ನು ಹಾಳೆಯೇ ಹೇಳುವುದಿಲ್ಲ; ಕಾರ್ಯಕ್ರಮ ಮುಗಿದ ಮೇಲೆ ನೆನಪಿಗಾಗಿ ಬರೆದುಕೊಂಡದ್ದೆಂದು ವಾದಿಸಬಹುದು. ಚಲನಚಿತ್ರದ ಸುರುಳಿಯು ನಡೆದುದನ್ನು ಯಥಾವತ್ತಾಗಿ ತೋರಿಸುತ್ತದೆ. ಆದರೆ ಅದು ತೋರಿಸುವುದು ನಗುಮುಖದ ಯುವತಿಯೊಬ್ಬಳು ಯೋಚಿಸಿ ಉತ್ತರ ಹೇಳಿ ಗೆಲ್ಲುವುದನ್ನಷ್ಟೇ. ಅದರಲ್ಲಿ ಮೋಸದ ಚಿಹ್ನೆ ಎಳ್ಳಷ್ಟೂ ಇಲ್ಲ. ಇದ್ದಿದ್ದರೆ ಲಕ್ಷಾಂತರ ಪ್ರೇಕ್ಷಕರು ಅಂದೇ ಕಂಡುಹಿಡಿಯುತ್ತಿದ್ದರು. ಹೇಳಿಕೆ ಕೊಟ್ಟವನಂತೂ ಬಾಯಿ ಮುಚ್ಚಿಕೊಳ್ಳಲು ಹಣ ಪಡೆದು, ಆ ಹಣ ಸಾಲದೆಂದು ಬಾಯಿ ಬಿಟ್ಟವನು. ಹಾಳೆಯಲ್ಲಿದ್ದ ಉತ್ತರಗಳನ್ನು ಸುರುಳಿಯಲ್ಲಿ ನಡೆದ ಆಟದೊಂದಿಗೆ ಹೊಂದಿಸಿ ನೋಡಿದಾಗ, ಮತ್ತು ಹಾಳೆಯು ಸುರುಳಿಯ ದಿನವೇ ಕೈಗೆ ಸಿಕ್ಕಿತೆಂಬುದನ್ನು ಆ ಸ್ವಾರ್ಥಿಯಾದ ಸಾಕ್ಷಿಯೂ, ಹಣ ಕೊಟ್ಟ ನಿರ್ಮಾಪಕರ ವರ್ತನೆಯೂ ಒಟ್ಟಾಗಿ ಸ್ಥಾಪಿಸಿದಾಗ ಮಾತ್ರ, ನಿರಾಕರಿಸಲಾಗದ ಪ್ರಮಾಣವೊಂದು ಹುಟ್ಟುತ್ತದೆ. ಶಾಸನವೊಂದನ್ನು ಸಾಹಿತ್ಯದ ಆಧಾರದೊಡನೆ ಹೊಂದಿಸಿ ನೋಡುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಸಾಕ್ಷಿಯ ಸ್ವಾರ್ಥದ ವಿಷಯದಲ್ಲಿ ಒಂದು ಮಾತು. ಹಿಲ್ಗೆಮೈಯರನ ದುರಾಶೆಯನ್ನು ಎತ್ತಿ ತೋರಿಸಿ ಅವನ ಮಾತನ್ನು ಹಗುರಮಾಡುವ ಪ್ರಯತ್ನಗಳು ನಡೆದುವು. ಮುಂದೆ ‘ಟ್ವೆಂಟಿ ಒನ್’ ಕಾರ್ಯಕ್ರಮದ ಹರ್ಬರ್ಟ್ ಸ್ಟೆಂಪೆಲ್ಲರಿಗೂ ಇದೇ ಗತಿ ಬಂದಿತು: ಹೊಟ್ಟೆಕಿಚ್ಚಿನ ಮನುಷ್ಯ, ಹಣ ಕಳೆದುಕೊಂಡವನು, ಅವನನ್ನು ನಂಬುವುದು ಹೇಗೆ? ಅಸೂಯೆಯಿಂದ ಹೊರಟ ಮಾತು ಸುಳ್ಳಾಗಿಯೇ ಇರಬೇಕೆಂಬ ನಿಯಮವಿಲ್ಲ. ಸಾಕ್ಷಿಯ ಉದ್ದೇಶವನ್ನು ತೂಗುವುದು ಅವನು ಏನನ್ನು ಬಿಟ್ಟಿರಬಹುದು, ಏನನ್ನು ಉಬ್ಬಿಸಿರಬಹುದು ಎಂದು ತಿಳಿಯಲಿಕ್ಕಾಗಿಯೇ ಹೊರತು ಸಾಕ್ಷ್ಯವನ್ನು ಕಸದ ಬುಟ್ಟಿಗೆ ಹಾಕಲಿಕ್ಕಲ್ಲ. ಹಿಲ್ಗೆಮೈಯರ್ ತೃಪ್ತನಾಗಿ ಮನೆಗೆ ಹೋಗಿದ್ದರೆ ಈ ಹಗರಣವು ಇನ್ನೆಷ್ಟು ವರ್ಷ ಮುಚ್ಚಿಹೋಗಿರುತ್ತಿತ್ತೋ ಹೇಳಬರುವಂತಿಲ್ಲ. ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬಹುದು. ಅಂದು ಅನ್ಯಾಯಕ್ಕೊಳಗಾದ ಸ್ಲಾಟಿನ್ ಚಿತ್ರಕಲೆಯ ಲೋಕದಲ್ಲಿ ತಮ್ಮನ್ನು ಓಸೇಜ್ ಎಂಬ ಮೂಲನಿವಾಸಿ ಜನಾಂಗದವರೆಂದು ಹೇಳಿಕೊಂಡಿದ್ದರು. ಆ ಹೇಳಿಕೆಗೆ ಆಧಾರವಿಲ್ಲವೆಂದು ಕಲಾ ಇತಿಹಾಸಕಾರರು ಅನಂತರ ತೋರಿಸಿದ್ದಾರೆ. ಇದರಿಂದ ಮೇ 20ರ ಮೋಸವು ಮೋಸವಲ್ಲವೆಂದಾಗುವುದಿಲ್ಲ.

ಅಧಿಕೃತ ವಿಚಾರಣೆಯು ಪ್ರಾರಂಭವಾದದ್ದು ಈ ಹಾಳೆಯಿಂದಲೇ. ಆಗಸ್ಟ್ ಕೊನೆಯ ವಾರದಲ್ಲಿ ಹಿಲ್ಗೆಮೈಯರನ ದೂರು ನ್ಯೂಯಾರ್ಕಿನ ಡಿಸ್ಟ್ರಿಕ್ಟ್ ಅಟಾರ್ನಿ ಫ್ರ್ಯಾಂಕ್ ಹೋಗನ್ನರ ಕಚೇರಿಯನ್ನು ಸೇರಿ, ಜೋಸೆಫ್ ಸ್ಟೋನ್ ಎಂಬ ಸಹಾಯಕ ವಕೀಲರ ಕೈಗೆ ಬಂದಿತು. ಅದೇ ವಾರ ಸ್ಟೆಂಪೆಲ್ಲರ ಆರೋಪಗಳೂ ಪತ್ರಿಕೆಗಳಲ್ಲಿ ಅಚ್ಚಾದುವು. ಸ್ಟೆಂಪೆಲ್ ಇದಕ್ಕೆ ಮುಂಚೆಯೂ ಪತ್ರಿಕೆಗಳ ಬಾಗಿಲು ತಟ್ಟಿದ್ದರೂ ಮಾನಹಾನಿಯ ಮೊಕದ್ದಮೆಗೆ ಹೆದರಿ ಅವು ಅಚ್ಚುಹಾಕಿರಲಿಲ್ಲ. ‘ಡಾಟೊ’ ಬಿದ್ದಮೇಲೆ ಆ ಭಯ ಬಿಟ್ಟುಹೋಯಿತು. ಗ್ರ್ಯಾಂಡ್ ಜ್ಯೂರಿಯ ವಿಚಾರಣೆ ಒಂಬತ್ತು ತಿಂಗಳು ನಡೆಯಿತು. ಸುಮಾರು 150 ಸಾಕ್ಷಿಗಳು ಪ್ರಮಾಣ ಮಾಡಿ ನುಡಿದರು; ಅವರಲ್ಲಿ ನಿಜ ನುಡಿದವರು ಸುಮಾರು 50 ಜನ ಮಾತ್ರವೆಂದು ಹೋಗನ್ ಮುಂದೆ ಅಂದಾಜು ಮಾಡಿದರು. 1959ನೆಯ ಜೂನಿನಲ್ಲಿ ಸಿದ್ಧವಾದ ವರದಿಯನ್ನು ನ್ಯಾಯಾಧೀಶ ಮಿಚೆಲ್ ಶ್ವೈಟ್ಜರ್ ಪ್ರಕಟಿಸಗೊಡದೆ ಮುದ್ರೆ ಹಾಕಿ ಇಡಿಸಿದ್ದರಿಂದ ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿಯೊಂದು, ಓರೆನ್ ಹ್ಯಾರಿಸ್‌ರ ಅಧ್ಯಕ್ಷತೆಯಲ್ಲಿ, ವಿಷಯವನ್ನು ಕೈಗೆತ್ತಿಕೊಂಡಿತು. ನವೆಂಬರ್ 2ರಂದು ವ್ಯಾನ್ ಡೋರೆನ್ ತಪ್ಪೊಪ್ಪಿಕೊಂಡದ್ದು ಆ ಸಮಿತಿಯ ಮುಂದೆ. ಚಲನಚಿತ್ರವು ಸಮಿತಿಯ ತನಿಖಾಧಿಕಾರಿ ರಿಚರ್ಡ್ ಗುಡ್‌ವಿನ್ನರನ್ನು ನಾಯಕನನ್ನಾಗಿ ಮಾಡಿದ್ದರಿಂದ, ಅವರಿಗಿಂತ ಮೊದಲೇ ನೆಲವನ್ನು ಉತ್ತು ಹದಮಾಡಿದ್ದ ಸ್ಟೋನರ ಒಂದು ವರ್ಷದ ದುಡಿಮೆ ಮರೆಯಾಯಿತು. ಸ್ಟೋನ್ 1992ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ತನಿಖೆಯ ವೃತ್ತಾಂತವನ್ನು ವಿವರವಾಗಿ ಬರೆದಿದ್ದಾರೆ. ಶೈಲಿ ವಕೀಲರದು, ಓದಲು ಕೊಂಚ ಶುಷ್ಕ. ಆದರೆ ಈ ವಿಷಯದಲ್ಲಿ ಅದಕ್ಕಿಂತ ನಂಬಿಕೆಗೆ ಅರ್ಹವಾದ ಗ್ರಂಥವನ್ನು ನಾನು ಕಾಣೆ.

ಚಲನಚಿತ್ರದ ಮೇಲೆ ನನ್ನ ಆಕ್ಷೇಪಣೆ ಸಂಗತಿಗಳ ವ್ಯತ್ಯಾಸಕ್ಕೆ ಸಂಬಂಧಿಸಿದುದಲ್ಲ. ಕಲಾಕೃತಿಗೆ ಅಷ್ಟು ಸ್ವಾತಂತ್ರ್ಯವಿರಬೇಕು. ವಿವರಣೆಯ ಮಾದರಿಯೇ ತಪ್ಪೆಂದು ನನ್ನ ವಾದ. ಕವಿ ತಂದೆ, ಪ್ರಸಿದ್ಧ ಮನೆತನ, ಪ್ರತಿಭಾವಂತ ಮಗ, ಹಣದ ಮತ್ತು ಕೀರ್ತಿಯ ಆಮಿಷ, ಪತನ, ಪಶ್ಚಾತ್ತಾಪ: ಇದು ದುರಂತ ನಾಟಕದ ಚೌಕಟ್ಟು. ಈ ಚೌಕಟ್ಟಿನಲ್ಲಿ ‘ಡಾಟೊ’ ಹಿಡಿಸುವುದೇ ಇಲ್ಲ. ಅಲ್ಲಿ ಮಹಾ ವಿದ್ವಾಂಸರಿಲ್ಲ, ಲಕ್ಷಗಟ್ಟಲೆಯ ಬಹುಮಾನಗಳಿಲ್ಲ, ಸ್ಪರ್ಧಿಗಳು ಬೀದಿಯಲ್ಲಿ ಎದುರಾಗುವ ಸಾಧಾರಣ ಜನ, ಪ್ರೇಕ್ಷಕರಲ್ಲಿ ಬಹುಪಾಲು ಮನೆಗೆಲಸದ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡ ಗೃಹಿಣಿಯರು. ಆದರೂ ವಂಚನೆ ನಡೆಯಿತು. ಹಾಗಾದರೆ ವಂಚನೆಗೆ ಕಾರಣವನ್ನು ಸ್ಪರ್ಧಿಯ ಚಾರಿತ್ರ್ಯದಲ್ಲಿ ಹುಡುಕುವುದು ವ್ಯರ್ಥ. ವಾರಕ್ಕೆ ಐದು ದಿನ, ನಿಗದಿಯಾದ ಗಂಟೆಗೆ, ನಿಗದಿಯಾದ ಪ್ರಮಾಣದ ಕುತೂಹಲವನ್ನು ತಯಾರಿಸಿ ಸಾಬೂನಿನ ಕಂಪನಿಗೆ ಒಪ್ಪಿಸಬೇಕಾದ ವ್ಯವಸ್ಥೆಯಲ್ಲಿ ಅದು ಹುಟ್ಟಿತು. ಅದನ್ನು ನಡೆಸಿದವರಿಗೆ ತಾವು ಅಪರಾಧ ಮಾಡುತ್ತಿದ್ದೇವೆಂಬ ಭಾವನೆಯೇ ಇರಲಿಲ್ಲವೆನ್ನಬಹುದು. ಕಾನೂನಿನ ದೃಷ್ಟಿಯಿಂದ ಅವರದು ಅಪರಾಧವಾಗಿಯೂ ಇರಲಿಲ್ಲ. 1962ರಲ್ಲಿ ವ್ಯಾನ್ ಡೋರೆನ್ ಮೊದಲಾದ ಕೆಲವು ಸ್ಪರ್ಧಿಗಳು ತಪ್ಪಿತಸ್ಥರೆಂದು ಒಪ್ಪಿಕೊಂಡದ್ದು ಗ್ರ್ಯಾಂಡ್ ಜ್ಯೂರಿಯ ಮುಂದೆ ಸುಳ್ಳು ಸಾಕ್ಷ್ಯ ನುಡಿದ ಆರೋಪಕ್ಕೆ. ಅದಕ್ಕೂ ಶಿಕ್ಷೆ ಜಾರಿಗೆ ಬರಲಿಲ್ಲ, ಅಮಾನತಿನಲ್ಲಿಯೇ ಉಳಿಯಿತು. ರಸಪ್ರಶ್ನೆಯಲ್ಲಿ ಸ್ಪರ್ಧಿಗೆ ಗುಟ್ಟಾಗಿ ನೆರವಾಗಿ ಸಾರ್ವಜನಿಕರನ್ನು ವಂಚಿಸುವುದು ಅಮೆರಿಕದಲ್ಲಿ ಅಪರಾಧವಾದದ್ದು 1960ನೆಯ ಸೆಪ್ಟೆಂಬರಿನ ಶಾಸನದಿಂದ. 10,000 ಡಾಲರುಗಳವರೆಗೆ ದಂಡ, ಒಂದು ವರ್ಷದವರೆಗೆ ಸೆರೆಮನೆ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳಬಹುದು: ರೂಪವೇ ವಂಚನೆಯನ್ನು ಬೇಡುತ್ತಿದ್ದರೆ, ರಸಪ್ರಶ್ನೆಯ ಕಾರ್ಯಕ್ರಮಗಳು ಮುಂದೆ ಪ್ರಾಮಾಣಿಕವಾಗಿ ಬದುಕಿದ್ದು ಹೇಗೆ? ಉತ್ತರ ಕಷ್ಟವಲ್ಲ. ಮುಂದೆ ಬಂದವು ಬೇರೆ ಬಗೆಯ ಆಟಗಳು. ಬಹುಮಾನಗಳು ಕುಗ್ಗಿದುವು, ಪ್ರಶ್ನೆಗಳು ಸುಲಭವಾದುವು, ಇಲ್ಲವೆ ಬಹಳ ಹೆಚ್ಚಿದುವು, ಒಬ್ಬನ ಸೋಲು ಇಡೀ ಕಾರ್ಯಕ್ರಮದ ಸೋಲಾಗದಂತೆ ಆಟದ ಹೆಣಿಗೆಯನ್ನು ಬದಲಿಸಲಾಯಿತು. ಅದಕ್ಕಿಂತ ಮಿಗಿಲಾಗಿ, ಕಾರ್ಯಕ್ರಮಗಳ ಮೇಲಿನ ಹಿಡಿತ ಪ್ರಾಯೋಜಕರ ಕೈಯಿಂದ ಪ್ರಸಾರ ಸಂಸ್ಥೆಗಳ ಕೈಗೆ ಬಂದಿತು. 1959ನೆಯ ಅಕ್ಟೋಬರಿನಲ್ಲಿ ಸಿಬಿಎಸ್ ಅಧ್ಯಕ್ಷ ಫ್ರ್ಯಾಂಕ್ ಸ್ಟ್ಯಾಂಟನ್ ದೊಡ್ಡ ಮೊತ್ತದ ರಸಪ್ರಶ್ನೆಗಳನ್ನು ನಿಲ್ಲಿಸಿ, ಕಾರ್ಯಕ್ರಮಗಳು ತಾವು ಏನೆಂದು ತೋರಿಸಿಕೊಳ್ಳುತ್ತವೆಯೋ ಅದೇ ಆಗಿರಬೇಕೆಂದು ಘೋಷಿಸಿದರು. ಮುದ್ರಿಸಿಟ್ಟ ನಗೆಯನ್ನು ಹಾಸ್ಯ ಕಾರ್ಯಕ್ರಮಗಳಿಗೆ ಸೇರಿಸುವುದು ಸಹ ಅವರ ಸಂಶಯಕ್ಕೆ ಒಳಗಾಯಿತು. ಆ ಉತ್ಸಾಹ ಬಹಳ ಕಾಲ ನಿಲ್ಲಲಿಲ್ಲ. ಮುದ್ರಿತ ನಗೆ ಮತ್ತೆ ದಶಕಗಳವರೆಗೆ ಕೇಳಿಬರುತ್ತಲೇ ಇತ್ತು.

ಟಿಪ್ಪಣಿ ಪುಸ್ತಕದ ಒಡತಿಯಾದ ಮೇರಿ ವಿನ್ ಮುಂದೆ ಪ್ರಸಿದ್ಧ ಲೇಖಕಿಯಾದರು. ದೂರದರ್ಶನವು ಮಕ್ಕಳ ಮೇಲೆ ಮಾಡುವ ಪರಿಣಾಮವನ್ನು ಕಟುವಾಗಿ ವಿಮರ್ಶಿಸುವ ‘ದ ಪ್ಲಗ್-ಇನ್ ಡ್ರಗ್’ ಎಂಬ ಅವರ ಗ್ರಂಥ 1977ರಲ್ಲಿ ಪ್ರಕಟವಾಗಿ ಬಹಳ ಚರ್ಚೆಗೆ ಒಳಗಾಯಿತು. ಪರದೆಯ ಮೇಲೆ ಏನು ಬರುತ್ತದೆಂಬುದಕ್ಕಿಂತ ನೋಡುತ್ತ ಕೂರುವ ಅಭ್ಯಾಸವೇ ಚಿಂತೆಗೆ ಕಾರಣವೆಂಬುದು ಅದರ ಪ್ರಧಾನ ವಾದ. ಇದನ್ನು 1958ರ ಅನುಭವದ ಪ್ರಾಯಶ್ಚಿತ್ತವೆಂದು ಓದುವ ಆಸೆ ಯಾರಿಗಾದರೂ ಆಗುವುದು ಸಹಜ. ನಾನು ಆ ಆಸೆಯನ್ನು ತಡೆದುಕೊಂಡಿದ್ದೇನೆ. ಒಬ್ಬರ ಜೀವನದಲ್ಲಿ ಎರಡು ಸಂಗತಿಗಳು ಒಂದರ ಹಿಂದೆ ಒಂದು ಬಂದವೆಂದ ಮಾತ್ರಕ್ಕೆ ನಡುವೆ ಗೆರೆ ಎಳೆಯುವುದು ‘ಡಾಟೊ’ ಆಟದ ನಿಯಮವಾಗಬಹುದು, ಇತಿಹಾಸದ ನಿಯಮವಲ್ಲ.

ಕೊನೆಯದಾಗಿ ನಮ್ಮ ತಿಳಿವಳಿಕೆಯ ಮಿತಿಯನ್ನೂ ಹೇಳಬೇಕು. ಜನವರಿ 6ರಿಂದ ಆಗಸ್ಟ್ 15ರವರೆಗೆ 32 ವಾರಗಳು. ವಾರಕ್ಕೆ ಐದರಂತೆ ಲೆಕ್ಕ ಹಾಕಿದರೆ 160 ಹಗಲಿನ ಪ್ರಸಾರಗಳ ದಿನಗಳಾಗುತ್ತವೆ. ಜುಲೈ 1ರಿಂದ ಆಗಸ್ಟ್ 12ರವರೆಗಿನ ಏಳು ಮಂಗಳವಾರ ರಾತ್ರಿಗಳು ಬೇರೆ. ಹರಿದ ಹಾಳೆಯು ಇವುಗಳಲ್ಲಿ ಒಂದೇ ಒಂದು ದಿನವನ್ನು ಕುರಿತು ನೇರವಾಗಿ ಸಾಕ್ಷಿ ನುಡಿಯುತ್ತದೆ. ಉಳಿದ ದಿನಗಳ ವಿಷಯದಲ್ಲಿ ನಾವು ಅವಲಂಬಿಸಬೇಕಾಗಿರುವುದು, ಮೂವರಲ್ಲಿ ಇಬ್ಬರು ಸುಳ್ಳು ಹೇಳಿದರೆಂದು ಸರಕಾರದ ವಕೀಲರೇ ಎಣಿಸಿದ ಸಾಕ್ಷಿಗಳ ಸಮೂಹವನ್ನು. ಅವುಗಳಲ್ಲಿ ಯಾವುದು ನಿಜವಾದ ಆಟ, ಯಾವುದು ಪಾಠ ಒಪ್ಪಿಸಿದ್ದು, ಯಾವುದು ಅರೆಬರೆಯ ಸಹಾಯ ಎಂಬುದನ್ನು ಬಿಡಿಬಿಡಿಯಾಗಿ ವಿಂಗಡಿಸುವುದು ಇನ್ನು ಸಾಧ್ಯವಾಗಲಾರದು. ನಿರ್ಮಾಪಕರ ನೆರವಿಲ್ಲದೆ, ತಾನೇ ಬಲ್ಲುದರಿಂದ ಮುಖವೊಂದನ್ನು ಗುರುತಿಸಿ ಬಹುಮಾನ ಪಡೆದ ಗೃಹಿಣಿಯೊಬ್ಬಳು ಆ 160 ದಿನಗಳಲ್ಲಿ ಎಂದಾದರೂ ಇದ್ದಿದ್ದರೆ, ಆಕೆಯ ಗೆಲುವೂ ಇತರರದರ ಜೊತೆಗೆ ಅದೇ ಸಂಶಯದಲ್ಲಿ ಮುಳುಗಿದೆ.